ಮುಂಬಯಿಗೆ ಬನ್ನಿ, ಹಳೇ ಬೂಟು ತನ್ನಿ

ಹುಬ್ಬಳ್ಳಿಯಿಂದ ನೀವು ಬರೆದದ್ದು ಓದಿದೆ. ವಿದೇಶಿ ಸುದ್ದಿಸಂಸ್ಥೆಯೊಂದಕ್ಕೆ ಮುಂಬಯಿಯಿಂದ ವರದಿ ಮಾಡುವ ಕೆಲಸ ನಿಮಗೆ ಸಿಕ್ಕಿದೆ. ವಿದೇಶಾಂಗ, ಕ್ರೀಡೆ, ಪರಿಸರ ಇವುಗಳಲ್ಲಿ ಯಾವುದು ಹಿಡಿಯಲಿ, ಮರಾಠಿ ಬರದೆ ನಡೆಯುತ್ತದಾ, ಊಟ ವಸತಿ ಹೇಗೆ ಅಂತ ಕೇಳಿದ್ದೀರಿ.

ಊಟದ ಚಿಂತೆ ಬಿಡಿ. ಮಾಟುಂಗಾದಲ್ಲಿ ಇಳಿದರೆ ಇಡ್ಲಿ, ರಸಂ, ಫಿಲ್ಟರ್ ಕಾಫಿ ಎಲ್ಲಾ ಇದೆ, ಮೈಸೂರು ಅಸೋಸಿಯೇಷನ್ ಕೂಡ ಅಲ್ಲೇ. ಬಾಡಿಗೆ ಮಾತ್ರ ಹೆದರಿಸುತ್ತದೆ. ಡೊಂಬಿವಲಿ ಕಡೆ ನೋಡಿ, ನಮ್ಮವರು ಜಾಸ್ತಿ ಇದ್ದಾರೆ. ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಲ್ಲೋದು ತಾನಾಗೇ ಬರುತ್ತದೆ.

ಕೆಲಸದ ಮಾತಿಗೆ ಬರುತ್ತೇನೆ. 1999ರಲ್ಲಿ ನಾನು ಕುಂದಾಪುರದಿಂದ ಬಂದಾಗ, ವಿದೇಶಾಂಗ ಅಂದರೆ ದಿಲ್ಲಿ, ಇಲ್ಲೇನಿದೆ ಅಂದುಕೊಂಡಿದ್ದೆ. ಹಳೇ ವರದಿಗಾರರೊಬ್ಬರು 1991ರ ಕಥೆ ಹೇಳಿದರು. ಆಗ ಶಿವಸೈನಿಕರು ವಾಂಖೆಡೆ ಪಿಚ್ ಅಗೆದಿದ್ದರು, ಪಾಕಿಸ್ತಾನ ತಂಡದ ಪ್ರವಾಸವೇ ರದ್ದಾಯಿತು. ಕ್ರೀಡಾ ಪುಟದವರೂ ಬರೆದರು, ರಾಜಕೀಯದವರೂ ಬರೆದರು. 2023ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಲ್ಲೇ ಸಭೆ ಸೇರಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿತು. ಆ ವಾರ ನಾನು ಒಂದು ರನ್ನೂ ಬರೆಯದೆ ಕ್ರಿಕೆಟ್ ವರದಿ ಮಾಡಿದೆ!

ಪರಿಸರ ನನಗೆ ಅಂಟಿಕೊಂಡಿದ್ದು ಮುಂಬಯಿಯ ಪೂರ್ವ ದಡದ ಶಿವಡಿಯ ಕೆಸರಿನಲ್ಲಿ. ಫ್ಲೆಮಿಂಗೊ ಹಕ್ಕಿ ನೋಡಲು ಮಟಮಟ ಮಧ್ಯಾಹ್ನ ಹೋಗಿದ್ದೆ. ಕಣ್ಣು ಹಾಯುವಷ್ಟು ದೂರ ಕಪ್ಪು ಕೆಸರು, ಅದರಾಚೆ ತೆಳ್ಳಗೆ ಒಂದು ಗುಲಾಬಿ ಗೆರೆ, ಅಷ್ಟೇ. ಜೆಟ್ಟಿಯಲ್ಲಿ ಮೀನು ಹಸನು ಮಾಡುತ್ತಿದ್ದ, ಇಲ್ಲಿನ ಕೋಲಿ ಮೀನುಗಾರರ ಹೆಂಗಸೊಬ್ಬಳು ನನ್ನ ಹರಕು ಮರಾಠಿ ಕೇಳಿ ನಕ್ಕಳು. ಕತ್ತಿಯ ತುದಿಯಲ್ಲೇ ಪಾಚಿ ಹಿಡಿದ ಮೆಟ್ಟಿಲು ತೋರಿಸಿದಳು. ಉಬ್ಬರದ ನೀರು ಅಲ್ಲಿಗೆ ಏರುತ್ತಾ ಬಂದರೆ ಕೆಸರು ಮುಳುಗುತ್ತದೆ, ಹಕ್ಕಿಗಳು ತಾವಾಗೇ ದಡಕ್ಕೆ ಸರಿಯುತ್ತವೆ. ಕಡಲ ಊರಿನವನಾಗಿ ನನಗೆ ಅಷ್ಟೂ ಹೊಳೆಯಲಿಲ್ಲ ನೋಡಿ. ಮರಾಠಿ ಬೇಕಾ ಅಂದಿರಲ್ಲ, ಬೇಕು. ತಪ್ಪುತಪ್ಪಾಗಿದ್ದರೂ ಸಾಕು.

ಈಗ ಆ ಕೆಸರಿನ ಮೇಲೇ ಅಟಲ್ ಸೇತು ಹೋಗಿದೆ. ಸುಮಾರು 22 ಕಿಲೋಮೀಟರ್, 2024ರ ಜನವರಿಯಲ್ಲಿ ತೆರೆಯಿತು, ಕಟ್ಟಲು ಜಪಾನಿನ ಸಾಲ. ಹಕ್ಕಿಯ ಬೆನ್ನು ಹತ್ತಿ ಹೋದರೆ ಟೋಕಿಯೊದಲ್ಲಿ ಹೋಗಿ ನಿಲ್ಲುತ್ತೀರಿ. ಹಾಗಾಗಿ ಮೂರರಲ್ಲಿ ಒಂದು ಆರಿಸಿಕೊಳ್ಳಬೇಡಿ. ಒಂದು ಜಾಗ ಆರಿಸಿಕೊಳ್ಳಿ, ಮತ್ತೆ ಮತ್ತೆ ಅಲ್ಲಿಗೇ ಹೋಗಿ.

ದುಡ್ಡಿನ ವಿಷಯ ಒಂದು ಹೇಳಲೇಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಸೊಂಟದ ನೀರಲ್ಲಿ ಕುರ್ಲಾ ದಾಟಿ, ಯಾರದೋ ಅಂಗಡಿಯ ಫೋನಿನಿಂದ ಹೊರದೇಶದ ಪತ್ರಿಕೆಯೊಂದಕ್ಕೆ ಸುದ್ದಿ ಓದಿ ಹೇಳಿದೆ. ಅಚ್ಚಾಯಿತು. ದುಡ್ಡು ಇವತ್ತಿಗೂ ಬಂದಿಲ್ಲ. ನೀವು ಎಲ್ಲವನ್ನೂ ಬರಹದಲ್ಲಿ ಮಾಡಿಸಿಕೊಳ್ಳಿ. ಇನ್ನೊಂದು, ನ್ಯೂಯಾರ್ಕ್‌ನವರು ಕಾಫಿ ಕುಡಿದು ಕೂರುವ ಹೊತ್ತಿಗೆ ನಿಮ್ಮ ರಾತ್ರಿ ಊಟದ ಹೊತ್ತು. ಅನ್ನ ಆರಿಹೋಗುತ್ತದೆ.

ಯಾವಾಗ ಬರುತ್ತೀರಿ ತಿಳಿಸಿ. ಡಿಸೆಂಬರ್ ಆದಮೇಲೆ ಆದರೆ ಶಿವಡಿಗೆ ಒಟ್ಟಿಗೇ ಹೋಗೋಣ, ಉಬ್ಬರದ ಹೊತ್ತು ನಾನು ನೋಡಿಡುತ್ತೇನೆ. ಹೊಸ ಬೂಟು ಬೇಡ, ಆ ಕೆಸರು ತೊಳೆದರೂ ಹೋಗಲ್ಲ.