ಸ್ಕ್ಯಾನಿಂಗ್ ನಾರ್ಮಲ್ ಉಂಟು, ಪ್ಯಾಪ್ ಟೆಸ್ಟ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ, ಮೂರು ಹೆರಿಗೆಯಾಗಿದೆ. ಯಜಮಾನರು ಗಲ್ಫ್‌ನಲ್ಲಿದ್ದಾರೆ. ಬಿಳಿ ಹೋಗುವುದು, ನೋವು ಏನೂ ಇಲ್ಲ. ಹೋದ ವರ್ಷ ಹೊಟ್ಟೆಯ ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ. ಆದರೂ ಸಿಸ್ಟರ್ ಪ್ಯಾಪ್ ಟೆಸ್ಟ್ ಮಾಡಿಸಿ ಅಂತಾರೆ. ಅಗತ್ಯ ಉಂಟಾ? (ಬಂಟ್ವಾಳ)

ಉಂಟು. ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು, ಕ್ಯಾನ್ಸರ್ ಆಗುವ ಮೊದಲೇ ಕೆಡುಕು ಹುಡುಕುವ ಈ ಟೆಸ್ಟ್ ಇರುವುದೇ ಏನೂ ತೊಂದರೆ ಇಲ್ಲದವರಿಗೆ. ಸ್ಕ್ಯಾನಿಂಗಿನಲ್ಲಿ ಗಡ್ಡೆ, ನೀರುಗುಳ್ಳೆ ಕಾಣುತ್ತವೆ. ಗರ್ಭಕೋಶದ ಬಾಯಿಯಲ್ಲಿ ಜೀವಕೋಶ ಕೆಡುತ್ತಿರುವುದು ಕಾಣುವುದಿಲ್ಲ. ಈ ಕ್ಯಾನ್ಸರಿಗೆ ಕಾರಣವಾಗುವ, ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ ಹೊಕ್ಕ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ಯಜಮಾನರು ಈಗ ಎಲ್ಲಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ವೈರಸ್ ಸಿಕ್ಕಿತೆಂದು ಯಾರ ನಡತೆಯನ್ನೂ ಅಳೆಯಬೇಡಿ, ಅದು ಯಾವಾಗ ಬಂತೆಂದು ಹೇಳಲು ಬರುವುದಿಲ್ಲ.

ಮುಟ್ಟು ಶುರುವಾದ 10ರಿಂದ 20ನೇ ದಿನದೊಳಗೆ ಹೋಗಿ. ಹಿಂದಿನ ಎರಡು ದಿನ ಗಂಡ ಹೆಂಡತಿ ಸೇರಬಾರದು, ಯೋನಿಯೊಳಗೆ ಮಾತ್ರೆ, ಕ್ರೀಮು ಬೇಡ. ಡಾಕ್ಟ್ರು ನೋಡುತ್ತಾರಲ್ಲ ಎಂದು ಸೋಪು, ಅರಿಶಿನ ನೀರು ಹಾಕಿ ಒಳಗೆಲ್ಲ ತೊಳೆದು ಬರುವವರಿದ್ದಾರೆ. ನಮಗೆ ಬೇಕಾದ ಜೀವಕೋಶವೇ ಬಚ್ಚಲಿಗೆ ಹೋಗಿರುತ್ತದೆ!

ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಚಪ್ಪಟೆ ಕಡ್ಡಿಯನ್ನು ಗರ್ಭಕೋಶದ ಬಾಯಿಗೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸ್ಲೈಡಿಗೆ ಹಚ್ಚಿ, ತಕ್ಷಣ 95% ಆಲ್ಕೋಹಾಲಿನಲ್ಲಿ ಮುಳುಗಿಸುತ್ತಾರೆ. ತಡವಾಗಿ ಒಣಗಿದರೆ ಜೀವಕೋಶ ಊದಿಕೊಂಡು ಲ್ಯಾಬಿನವರಿಗೆ ಓದಲಾಗುವುದಿಲ್ಲ. ಇನ್ನೊಮ್ಮೆ ಬನ್ನಿ ಅಂದರೆ ಹೆಚ್ಚಾಗಿ ಕಾರಣ ಸ್ಲೈಡ್ ಸರಿಯಾಗಿ ಬಾರದಿರುವುದು, ಕ್ಯಾನ್ಸರ್ ಅಲ್ಲ. ಟೆಸ್ಟ್ ಆದ ಮೇಲೆ ಒಂದು ದಿನ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಆರೋಗ್ಯ ಕೇಂದ್ರದಲ್ಲಿ 3–5% ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ಬಿಳಿ ಕಲೆ ಹುಡುಕುವ ವಿಐಎ ಇದ್ದರೆ ಅದೂ ಆದೀತು, ಉತ್ತರ ಅಲ್ಲೇ ಸಿಗುತ್ತದೆ.

ನಾರ್ಮಲ್ ಬಂದರೆ ಪ್ಯಾಪ್ ಮತ್ತೆ 3 ವರ್ಷಕ್ಕೆ, ಎಚ್‌ಪಿವಿ ಟೆಸ್ಟ್ ಆಗಿದ್ದರೆ 5 ವರ್ಷಕ್ಕೆ. ಎಚ್‌ಎಸ್‌ಐಎಲ್ (ಜೀವಕೋಶ ಹೆಚ್ಚು ಕೆಟ್ಟಿದೆ, ಆದರೆ ಕ್ಯಾನ್ಸರ್ ಎಂದಲ್ಲ) ಎಂದು ಬಂದರೆ ಮುಂದಿನದು ಕಾಲ್ಪೊಸ್ಕೋಪಿ (ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿಸಿ ನೋಡುವುದು), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು). ಬರೀ ಸ್ಲೈಡ್ ನೋಡಿ "ಗರ್ಭಕೋಶ ತೆಗೆದುಬಿಡುವ" ಅಂದವರ ಎದುರಿನಿಂದ ಎದ್ದು ಬನ್ನಿ.

ಗರ್ಭಕೋಶ ತೆಗೆದಿದ್ದಾರೆ, ಟೆಸ್ಟ್ ಬೇಕಾ? (ಕಾರ್ಕಳ)

ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಗರ್ಭಕೋಶದ ಬಾಯಿ ಉಳಿಸಿದ್ದರೆ ಬೇಕು.

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡ ಮಗಳಿಗೂ ಟೆಸ್ಟ್ ಬೇಕಾ? (ಮಲ್ಪೆ)

ಹೌದು, ಟೆಸ್ಟಿನ ವಯಸ್ಸು ಬಂದಾಗ. ಲಸಿಕೆ ವೈರಸ್ಸಿನ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ.

"ಗರ್ಭಕೋಶ ಶುದ್ಧಿ" ಪುಡಿ ತಕೊಳ್ಳಬಹುದಾ? (ಕುಂದಾಪುರ)

ಕಸದ ಬುಟ್ಟಿಗೆ ಹಾಕಿ.

ಮುಟ್ಟು ನಿಂತು ನಾಲ್ಕು ವರ್ಷ, ಈಗ ಸ್ವಲ್ಪ ರಕ್ತ. ಮುಂದಿನ ತಿಂಗಳ ಕ್ಯಾಂಪಿನಲ್ಲಿ ಪ್ಯಾಪ್ ಮಾಡಿಸಲಾ? (ಉಡುಪಿ)

ಬೇಡ. ಕ್ಯಾನ್ಸರ್ ಇದ್ದೂ ಪ್ಯಾಪ್ ನಾರ್ಮಲ್ ಬರಬಹುದು, ರಕ್ತ, ಸತ್ತ ಜೀವಕೋಶಗಳ ನಡುವೆ ಕೆಟ್ಟದ್ದು ಮುಚ್ಚಿಹೋಗುತ್ತದೆ. ನಿಮಗೆ ಬೇಕಾದದ್ದು ಸ್ತ್ರೀರೋಗ ತಜ್ಞರ ಪರೀಕ್ಷೆ, ಅಗತ್ಯ ಕಂಡರೆ ಬಯಾಪ್ಸಿ. ಈ ವಾರವೇ ಹೋಗಿ.