ಅಂತರಗಂಗೆ, ನಂದಿ ಬೆಟ್ಟಕ್ಕೆ ಯಾವ ಬಣ್ಣ?

ಅಂತರಗಂಗೆ, ನಂದಿ ಬೆಟ್ಟ ಸುತ್ತುವಾಗ ಚಿತ್ರ ಬಿಡಿಸೋಕೆ ಅಕ್ರಿಲಿಕ್ ಒಳ್ಳೇದಾ, ವಾಟರ್ ಕಲರ್ ಒಳ್ಳೇದಾ ಅಂತ ಕೇಳಿದ್ದೀರಿ. ವಾಟರ್ ಕಲರ್ ತಗೊಂಡು ಹೋಗಿ. ಕೋಲಾರದ ಬಿಸಿಲಿಗೆ ಅಕ್ರಿಲಿಕ್ ಪ್ಯಾಲೆಟ್ (ಬಣ್ಣ ಬೆರೆಸುವ ತಟ್ಟೆ) ಮೇಲೇ ಒಣಗಿಬಿಡುತ್ತದೆ, ಆಮೇಲೆ ನೀರಿಗೆ ಕರಗುವುದಿಲ್ಲ. ಬ್ರಷ್ಷೂ ಹಾಳು. ವಾಟರ್ ಕಲರ್ ಹಾಗಲ್ಲ, ಒಣಗಿದ್ದರೂ ಒದ್ದೆ ಬ್ರಷ್ ಆಡಿಸಿದರೆ ಸಾಕು.

24 ಬಣ್ಣದ ಡಬ್ಬಿ ಸುಮ್ನೆ ಭಾರ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ, ಒಂದು ಕೆಂಪು ಇದ್ದರೆ ನಮ್ಮ ಕಡೆಯ ಬೆಟ್ಟಕ್ಕೆ ಧಾರಾಳ. ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿ ನೋಡಿ, ಬಂಡೆಯ ಬೂದು ಬಣ್ಣ ಬರುತ್ತದೆ. ನೀಲಿ ಜಾಸ್ತಿಯಾದರೆ ನೆರಳಿನ ಕಡೆ, ಕಂದು ಜಾಸ್ತಿಯಾದರೆ ಬಿಸಿಲು ಬಿದ್ದ ಕಡೆ. ತರಿತರಿ ಕಾಗದದ ಮೇಲೆ ನೀಲಿಯ ಕಣಗಳು ಗುಂಡಿಗಳಲ್ಲಿ ಕೂತು, ಕಲ್ಲಿನ ಮೈ ತಾನಾಗೇ ಮೂಡುತ್ತದೆ. ಎಷ್ಟು ಚೆಂದ ಅಂತೀರಾ!

ಕಾಗದ 300 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಲಿ, ತೆಳುವಾದದ್ದು ಸುರುಟಿಕೊಳ್ಳುತ್ತದೆ. ನಂದಿಯಲ್ಲಿ ಬೆಳಗಿನ ಮಂಜಿಗೆ ಬಣ್ಣ ಬೇಗ ಒಣಗುವುದಿಲ್ಲ, ಅಲ್ವಾ? ಅಲ್ಲಿ ನೀರು ಕಮ್ಮಿ ಬಳಸಿ, ಒಂದು ಹಳೇ ಬಟ್ಟೆ ಜೊತೆಗಿರಲಿ.