ಅವ್ವ ಕೇಳುತ್ತಿರುವುದು ಅಪ್ಪನ ಬಗ್ಗೆ ಅಲ್ಲ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೂರನೇ ಸಲ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರ ಕಾಕಾನ ಮೇಲೆ.

ಪತ್ರ ಧಾರವಾಡದ ಕಡೆಯದು. ಬರೆದವರು ಮದುವೆಯಾದ ಮಗಳು, ಪ್ರಾಟೆಸ್ಟಂಟ್ ಕ್ರೈಸ್ತ ಮನೆತನ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿದೆ. ಮೂವತ್ತು ವರ್ಷ ಒಂದು ಭಾನುವಾರವೂ ತಪ್ಪಿಸದ ಮನುಷ್ಯ, ಕೊನೆಯ ಆರು ವರ್ಷ ಚರ್ಚಿನ ಕಡೆ ತಲೆ ಹಾಕಲಿಲ್ಲ. ಲೆಕ್ಕಪತ್ರದ ವಿಷಯಕ್ಕೆ ಕಮಿಟಿಯವರ ಜೊತೆ ಮಾತಿಗೆ ಮಾತು ಬೆಳೆದಿತ್ತು. ಸ್ಮರಣೆಯ ಪ್ರಾರ್ಥನೆ ಮುಗಿದು ಊಟಕ್ಕೆ ಕೂತಾಗ ಕಾಕಾ ಎಲ್ಲರೆದುರು "ಅಣ್ಣ ರಕ್ಷಣೆ ಕಳಕೊಂಡ" ಅಂದುಬಿಟ್ಟರು. ರಕ್ಷಣೆ ಅಂದರೆ ಪಾಪದಿಂದ ಬಿಡುಗಡೆ ಸಿಕ್ಕಿ, ಸತ್ತ ಮೇಲೆ ದೇವರ ಬಳಿ ಸೇರುವುದು. ಸತ್ಯವೇದದಲ್ಲಿರುವ (ಬೈಬಲಿನ) ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯ ತೆಗೆದು ಓದಿಯೂ ಓದಿದರು. ಗಂಡನದು ಬ್ಯಾಪ್ಟಿಸ್ಟ್ ಸಭೆ. "ಒಮ್ಮೆ ರಕ್ಷಣೆ ಸಿಕ್ಕರೆ ಮುಗೀತು, ಅತ್ತೆ ಸುಮ್ನೆ ಚಿಂತೆ ಮಾಡ್ತಾರೆ" ಅನ್ನೋದು ಅವರ ವಾದ. ಅವ್ವ ಮಾತ್ರ ನಡುರಾತ್ರಿ ಎದ್ದು ಕೂತು ಕೇಳುತ್ತಾರಂತೆ: "ನಿಮ್ಮಪ್ಪ ಈಗ ಎಲ್ಲಿ ಅದಾರ?"

ಯಾರು ಹೇಳಿದ್ದು ಸರಿ, ಅವ್ವನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ಇದು ನಿಮ್ಮ ಮನೆಯಲ್ಲಿ ಶುರುವಾದ ಜಗಳ ಅಲ್ಲ. ದೇವರು ಆರಿಸಿಕೊಂಡವರನ್ನು ಕೊನೆಯವರೆಗೂ ಬಿಡುವುದಿಲ್ಲ ಎಂದು 1618-19ರಲ್ಲಿ ಹಾಲೆಂಡಿನ ಡಾರ್ಟ್ ಎಂಬ ಊರಿನಲ್ಲಿ ಕೂಡಿದ ಪ್ರಾಟೆಸ್ಟಂಟ್ ಚರ್ಚುಗಳ ಸಭೆ ತೀರ್ಮಾನಿಸಿತು. ಹಾಗಂತ ವಾದ ನಿಂತಿತಾ? ಇಲ್ಲ. 1740ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಎಂಬ ಇಬ್ಬರು ಗೆಳೆಯರು, ದೊಡ್ಡ ಬೋಧಕರು, ಇದೇ ಗಂಟಿಗೆ ಸಿಕ್ಕಿ ಬಹಿರಂಗವಾಗಿ ಬೇರೆಯಾದರು. ನಂಬಿದವನೂ ಜಾರಿ ಬೀಳಬಹುದು ಅಂದರು ವೆಸ್ಲಿ. ದೇವರು ಹಿಡಿದವನ ಕೈ ಬಿಡುವುದಿಲ್ಲ ಅಂದರು ವೈಟ್‌ಫೀಲ್ಡ್. 1947ರಲ್ಲಿ ನಮ್ಮ ದಕ್ಷಿಣ ಭಾರತದಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ವೆಸ್ಲಿಯ ಮೆಥಡಿಸ್ಟರೂ, ದೇವರು ಕೈ ಬಿಡುವುದಿಲ್ಲ ಅನ್ನುವ ಕಾಲ್ವಿನ್ ದಾರಿಯ ಪ್ರೆಸ್ಬಿಟೇರಿಯನ್ನರೂ ಒಂದೇ ಸೂರಿನ ಕೆಳಗೆ ಬಂದರು. ಅಷ್ಟು ದೊಡ್ಡವರೇ ಹೊಂದಿಕೊಂಡು ಬಾಳಿದ ಪ್ರಶ್ನೆಗೆ ಈ ಅಂಕಣದಲ್ಲಿ ತೀರ್ಪು ಕೊಡೋಕೆ ನಾನ್ಯಾರು?

ಆದರೆ ಕಾಕಾಗೆ ಒಂದು ವಿಷಯ ತಿಳಿಸಬೇಕು. 1770ರಲ್ಲಿ ವೈಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ ಹೇಳಿಟ್ಟಿದ್ದಂತೆ ಲಂಡನ್ನಿನಲ್ಲಿ ಅವರ ನೆನಪಿನ ಉಪದೇಶ ಮಾಡಿದ್ದು ವೆಸ್ಲಿಯೇ. ಹಳೆಯ ಜಗಳವನ್ನು ಅಲ್ಲಿ ಕೆದಕಲಿಲ್ಲ. ಸಾವಿನ ಮನೆಯಲ್ಲಿ ವಾದ ಮಾಡಬಾರದು ಎಂದು ಇಲ್ಲಿ ನಾನು ಎಷ್ಟು ಸಲ ಬರೆದಿದ್ದೇನೋ, ಓದುಗರಿಗೆ ಬೇಜಾರಾಗಿರಬೇಕು. ಇನ್ನೂ ಬರೆಯುತ್ತೇನೆ. ಅಣ್ಣ ಚರ್ಚು ಬಿಟ್ಟ ಆರು ವರ್ಷದಲ್ಲಿ ಕಾಕಾ ಒಮ್ಮೆಯಾದರೂ ಮನೆಗೆ ಬಂದು "ಬಾರಪ್ಪಾ, ಹೋಗೋಣ" ಅಂದಿದ್ದರಾ? ನೀವು ಬರೆದಿಲ್ಲ. ಬಂದಿರಲಿಕ್ಕಿಲ್ಲ. ತಪ್ಪಿದ ಕುರಿಯನ್ನು ಹುಡುಕಿಕೊಂಡು ಹೋಗುವ ಕಥೆಯೂ ಅದೇ ಸತ್ಯವೇದದಲ್ಲೇ ಇದೆ. ಅವರಿಗೆ ಸಿಕ್ಕಿದ್ದು ಇಬ್ರಿಯರ ಪತ್ರ ಮಾತ್ರ. ಅದರಲ್ಲೂ ಆ ಅಧ್ಯಾಯ ಹೇಳುವುದು ಕ್ರಿಸ್ತನನ್ನೇ ಬಿಟ್ಟು ಬಿದ್ದುಹೋದವರ ಬಗ್ಗೆ. ಕಮಿಟಿ ಮೇಲೆ ಮುನಿಸಿಕೊಂಡವರ ಬಗ್ಗೆ ಅಲ್ಲ.

ನಿಮ್ಮ ಗಂಡ ಒಳ್ಳೆಯವರೇ ಇರಬಹುದು. ಆದರೆ ಅವರ ಸಮಾಧಾನದಲ್ಲಿ ಒಂದು ಮುಳ್ಳಿದೆ. ಬಿಟ್ಟುಹೋದವನ ಬಗ್ಗೆ ಕೇಳಿದರೆ ಆ ಕಡೆಯವರಲ್ಲಿ ತುಂಬಾ ಜನ, ಅವನು ಮೊದಲಿಂದಲೂ ನಿಜವಾಗಿ ನಂಬಿರಲೇ ಇಲ್ಲ ಅನ್ನುತ್ತಾರೆ. ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಹಾಡಿದ ಹೆಂಡತಿಗೆ ಅದು ಕಾಕಾನ ಮಾತಿಗಿಂತ ಕೆಟ್ಟದಾಗಿ ಕೇಳಿಸುತ್ತದೆ, ಅಲ್ವಾ?

ಈಗ ನೀವು ಕಂಸದಲ್ಲಿ ಬರೆದು ದಾಟಿಹೋದ ಆ ಸಾಲಿಗೆ ಬರುತ್ತೇನೆ. ಜಗಳ ಆದ ಸಂಜೆ ಅಪ್ಪ ಮನೆಗೆ ಬಂದಾಗ ಅವ್ವನೇ ಅಂದಿದ್ದರಂತೆ: "ಸಾಕು ಬಿಡ್ರಿ, ಇನ್ನ ಆ ಕಡೆ ಹೋಗಬ್ಯಾಡ್ರಿ."

ಬೈಬಲಿನ ವಚನಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಇದಕ್ಕೆ ಅರ್ಧ ಸಾಲು! ಅವ್ವನಿಗೆ ನಿದ್ದೆ ಬಾರದಿರುವುದು ಡಾರ್ಟ್ ಸಭೆಯ ಚಿಂತೆಯಿಂದ ಅಲ್ಲ. ಗಂಡ ಅವಮಾನ ಪಟ್ಟುಕೊಂಡು ಬಂದಿದ್ದು ನೋಡಲಾಗದೆ ಒಂದು ಮಾತು ಅಂದರು. ಅಪ್ಪ ಆ ಮಾತು ಕೇಳಿ ಹೋಗಲಿಲ್ಲ. ಈಗ ಕಾಕಾ ಬಂದು, ಹೋಗದಿದ್ದಕ್ಕೇ ರಕ್ಷಣೆ ಹೋಯಿತು ಅಂದರೆ ಅವ್ವ ಕೂಡಿಸಿಕೊಳ್ಳುವ ಲೆಕ್ಕ ಯಾವುದು? "ಅವರ ರಕ್ಷಣೆ ಕಳೆದವಳು ನಾನೇ." ಎಂಟು ತಿಂಗಳಿಂದ ಅವರು ಕೇಳುತ್ತಿರುವುದು ಇದನ್ನೇ. ನೀವು ಮೂವರೂ ಬೇರೆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ.

ವಿಚಿತ್ರ ನೋಡಿ, ಅವ್ವನ ಈ ಪ್ರಶ್ನೆಯಲ್ಲಿ ಎರಡು ಕಡೆಯವರಿಗೂ ಜಗಳವಿಲ್ಲ. ನನ್ನ ಕುರಿಗಳನ್ನು ಯಾರೂ ನನ್ನ ಕೈಯಿಂದ ಕಸಿದುಕೊಳ್ಳಲಾರರು ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿದೆ. ಕುರಿ ತಾನಾಗಿಯೇ ಕೈ ಜಾರಿ ಹೋಗಬಹುದಾ ಅನ್ನುವುದರಲ್ಲಿ ವೆಸ್ಲಿಗೂ ವೈಟ್‌ಫೀಲ್ಡ್‌ಗೂ ಭಿನ್ನಾಭಿಪ್ರಾಯ. ಇನ್ನೊಬ್ಬರು ಬಂದು ಕಸಿದುಕೊಳ್ಳಬಹುದು ಅಂತ ಇಬ್ಬರೂ ಹೇಳಿಲ್ಲ. ಅದು ಹೆಂಡತಿಯ ಕೈಲೂ ಆಗುವ ಕೆಲಸವಲ್ಲ.

ಆದರೆ ಇದನ್ನು ಈಗಲೇ ಹೋಗಿ ಅವ್ವನಿಗೆ ಓದಿ ಹೇಳಬೇಡಿ. ಅವರು ಇನ್ನೂ ಬಾಯಿಬಿಟ್ಟು ಹೇಳದ ಮಾತಿಗೆ ನೀವು ಉತ್ತರ ಕೊಟ್ಟರೆ ಅದು ಒಳಗೇ ಉಳಿಯುತ್ತದೆ. ನೀವು ಮಾಡಬೇಕಾದ್ದು ಒಂದೇ. ಗಂಡ ಮನೆಯಲ್ಲಿಲ್ಲದ ಒಂದು ಸಂಜೆ ಅವ್ವನ ಪಕ್ಕ ಕೂತುಕೊಳ್ಳಿ. ಫೋನ್ ಒಳಗಿಡಿ. "ಅವ್ವಾ, ಆ ದಿನ ಅಪ್ಪಗ ನೀ ಏನಂದಿ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಅತ್ತರೆ ಅಳಲಿ. ನಡುವೆ ಕಾಕಾ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿ.